ವಿನೋದಾ ಹಿಡಿದ ಒಪ್ಪೊತ್ತು

ಕುಡಿಯದ ಮನುಷ್ಯನ ಲಿವರ್ ಹೇಗೆ ಹೋಯಿತು ಎಂಬುದು ಬಿ.ಸಿ.ರೋಡಿನ ಜನರಿಗೆ ಬಗೆಹರಿಯದ ಪ್ರಶ್ನೆಯಾಗಿತ್ತು. ರಮಾನಾಥ ಬಸ್‌ಸ್ಟ್ಯಾಂಡಿನ ಎದುರು ಹೋಟೆಲು ನಡೆಸಿ ತಲೆ ನರೆಸಿಕೊಂಡವನು. ಗೋಳಿಬಜೆಯ ಬಾಣಲೆಯ ಮುಂದೆ ನಿಂತದ್ದೇ ಹೊರತು ಬಾರಿನ ಮೆಟ್ಟಿಲು ಹತ್ತಿದವನಲ್ಲ. ಆದರೂ ಅವನ ಹೋಟೆಲಿನಲ್ಲೇ ಚಾ ಕುಡಿದು ಬೆಳೆದವರು, "ಗುಟ್ಟಾಗಿ ಹಾಕ್ತಿದ್ದ ಅಂತ ಕಾಣ್ತದೆ" ಎಂದು ಆಡಿಕೊಂಡರು. ಸಕ್ಕರೆ ಕಾಯಿಲೆ ಮತ್ತು ಕೊಬ್ಬು, ಇವೆರಡೇ ಸೇರಿ ಲಿವರನ್ನು ತಿಂದು ಹಾಕಬಲ್ಲವು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದನ್ನು ಊರಿಗೆಲ್ಲ ಡಂಗುರ ಸಾರಲಿಕ್ಕಾಗುತ್ತದೆಯೇ? ಆ ಮನೆಯವರಿಗೆ ಊರಿನ ಬಾಯಿಗಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ಬೇರೆಯವರ ಲಿವರಿನ ತುಂಡೊಂದನ್ನು ಕಸಿ ಮಾಡದಿದ್ದರೆ ರಮಾನಾಥ ಈ ಮಳೆಗಾಲ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಕೊಡಲಿಕ್ಕೆ ಇದ್ದವರು ಇಬ್ಬರೇ. ಹೆಂಡತಿ ವಿನೋದಾ, ಮಗಳು ದೀಕ್ಷಿತಾ. ಇಬ್ಬರ ರಕ್ತವೂ ಹೊಂದುತ್ತಿತ್ತು.

"ಮಗಳದ್ದು ಇವತ್ತು ಬೇಕಾದ್ರೂ ಆಗ್ತದೆ," ಎಂದರು ಡಾಕ್ಟರು. "ನಿಮ್ಮ ಲಿವರಿನಲ್ಲೂ ಕೊಬ್ಬು ಉಂಟು, ಅಮ್ಮ. ಈಗಿದ್ದ ಹಾಗೆ ತೆಗೀಲಿಕ್ಕೆ ಆಗುದಿಲ್ಲ."

"ಕೊಬ್ಬು ಇಳಿಸಿದ್ರೆ?"

"ಇಳಿದ್ರೆ ಆಗ್ತದೆ. ಎರಡು ತಿಂಗಳು ಕೊಡ್ತೇನೆ. ಅದಕ್ಕಿಂತ ಹೆಚ್ಚು ಕಾಯ್ಲಿಕ್ಕೆ ನಿಮ್ಮ ಯಜಮಾನರಿಂದ ಆಗುದಿಲ್ಲ."

"ಹಾಗಾದ್ರೆ ಮಗಳು ಬೇಡ. ನಾನು ಇಳಿಸ್ತೇನೆ," ಎಂದಳು ವಿನೋದಾ. ದೀಕ್ಷಿತಾಳಿಗೆ ಇಪ್ಪತ್ತೆರಡು ವರ್ಷ. ಮದುವೆಯಾಗಿಲ್ಲ, ಬದುಕು ಶುರುವಾಗಿಲ್ಲ, ಅವಳ ಹೊಟ್ಟೆಯನ್ನು ಅಡ್ಡಡ್ಡ ಕೊಯ್ಯುವುದೆಂದರೇನು?

ಆಹಾರದ ಸಲಹೆ ಕೊಡುವ ಸುಪ್ರೀತಾ ಎಂಬ ಹುಡುಗಿ ಅವಳನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದಳು. "ದಿನಕ್ಕೆ ಸಾವಿರದ ಇನ್ನೂರು ಕ್ಯಾಲರಿ. ಮೀನು, ಮೊಟ್ಟೆ, ಹೆಸರುಕಾಳು ಬಿಡ್ಲೇಬಾರ್ದು. ಅನ್ನ ಕಡಿಮೆ, ಎಣ್ಣೆ ಕಡಿಮೆ, ದಿನಾ ನಡೀಬೇಕು. ಇದಕ್ಕಿಂತ ಕೆಳಗೆ ಮಾತ್ರ ಇಳೀಬೇಡಿ, ಅಮ್ಮ. ಎಂಟುನೂರಕ್ಕೆ ಇಳಿಸುವ ಕ್ರಮವೂ ಉಂಟು, ಆದ್ರೆ ಅದು ಆಸ್ಪತ್ರೆಯವರು ರಕ್ತ ನೋಡಿ ನೋಡಿ ಮಾಡುದು. ಮನೆಯಲ್ಲಿ ಅಲ್ಲ."

"ಕಡಿಮೆ ತಿಂದ್ರೆ ಬೇಗ ಇಳೀತದಲ್ವಾ?"

"ಇಳೀತದೆ. ಆದ್ರೆ ಹಾಗೆ ಒಮ್ಮೆಲೇ ಇಳಿದ್ರೆ ಲಿವರಿಗೇ ಪೆಟ್ಟು. ನಮಗೆ ಬೇಕಾದ್ದು ನಿಮ್ಮ ತೂಕ ಅಲ್ಲ, ಒಳ್ಳೇ ಲಿವರ್."

ವಿನೋದಾ ತಲೆಯಾಡಿಸಿದಳು. ಇಷ್ಟುದ್ದದ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು "ಇಳೀತದೆ" ಎಂಬುದೊಂದೇ.

ಮನೆಯಲ್ಲಿ ಮೂರು ಬಗೆಯ ಅಡಿಗೆ ಶುರುವಾಯಿತು. ರಮಾನಾಥನಿಗೆ ಉಪ್ಪಿಲ್ಲದ್ದು, ವಿನೋದಾಳಿಗೆ ಎಣ್ಣೆಯಿಲ್ಲದ್ದು, ಅತ್ತೆ ಸೇಸಮ್ಮನಿಗೆ ಎರಡೂ ಇರುವಂಥದ್ದು. ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದ ದೀಕ್ಷಿತಾ ಬೆಳಿಗ್ಗೆ ಹೊರಡುವ ಮೊದಲು ಅಮ್ಮನ ಪಾಲಿನ ಕುಚ್ಚಲಕ್ಕಿ ಅನ್ನ, ಹೆಸರುಕಾಳು, ಬಂಗುಡೆಯ ತುಂಡು ಎಲ್ಲವನ್ನೂ ಕೇಕ್ ಮಾಡಲಿಕ್ಕೆಂದು ಎಂದೋ ತಂದಿದ್ದ ಪುಟ್ಟ ಮೆಷಿನ್ನಿನಲ್ಲಿ ತೂಗಿ ಮುಚ್ಚಿಡುತ್ತಿದ್ದಳು.

"ಅನ್ನವನ್ನು ಬಂಗಾರದ ಹಾಗೆ ತೂಗುದು ನಾನು ಇದೇ ಮೊದಲು ನೋಡುದು," ಎಂದಳು ಸೇಸಮ್ಮ. "ಆ ಮೀನು ಯಾಕೆ ಅಷ್ಟು ದೊಡ್ಡದು? ಇಳಿಸ್ಬೇಕು ಅಂತಲ್ವಾ ಹೇಳಿದ್ದು?"

"ಅಜ್ಜೀ, ಅದು ತಿನ್ಲೇಬೇಕು. ಬರೆದು ಕೊಟ್ಟಿದ್ದಾರೆ."

"ತಿಂದು ತೂಕ ಇಳಿಸುದಾ? ನಿಮ್ಮ ಕಾಲದ್ದು ನನಗೆ ಅರ್ಥ ಆಗುದಿಲ್ಲ ಮಾರಾಯ್ತಿ."

ಸೇಸಮ್ಮ ಕೆಟ್ಟವಳಲ್ಲ. ಕಣ್ಣೆದುರು ಮಗ ಹಳದಿಯಾಗುತ್ತಿದ್ದ, ಹೊಟ್ಟೆ ಊದುತ್ತಿತ್ತು, ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಸೊಸೆಯ ತಟ್ಟೆಯಲ್ಲಿನ ಪ್ರತಿಯೊಂದು ತುತ್ತೂ ಮಗನ ಆಯುಷ್ಯದಿಂದ ಕಳೆದಂತೆ ಆ ಮುದುಕಿಗೆ ಕಾಣುತ್ತಿತ್ತು.

ವಿನೋದಾ ಬೆಳಿಗ್ಗೆ ಪಾಣೆಮಂಗಳೂರಿನ ಹಳೇ ಸೇತುವೆಯ ತನಕ ನಡೆದು ಬರುತ್ತಿದ್ದಳು. ವಾರಕ್ಕೊಮ್ಮೆ ಹೋಟೆಲಿನ ಪಕ್ಕದ ಹನೀಫಾನ ಗುಜರಿ ಅಂಗಡಿಗೆ ಹೋಗಿ, ಹಳೇ ಕಬ್ಬಿಣ, ರಟ್ಟು ತೂಗುವ ದೊಡ್ಡ ಮೆಷಿನ್ನಿನ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಮನೆಗೇ ಒಂದು ತರುವ ಎಂದು ದೀಕ್ಷಿತಾ ಹೇಳಿದಾಗ, "ಆ ಪ್ಲಾಸ್ಟಿಕ್ಕಿನದ್ದು ಸುಳ್ಳು ಹೇಳ್ತದೆ. ಹನೀಫಾ ಕಾಕನದ್ದಕ್ಕೆ ಸರಕಾರದ ಮುದ್ರೆ ಉಂಟು" ಎಂದಿದ್ದಳು. ಅವಳು ಹತ್ತಿದಾಗಲೆಲ್ಲ ಹನೀಫಾ ಮರ್ಯಾದೆಗೆ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದ.

ಮೂರನೆಯ ವಾರ ಹತ್ತಿದಾಗ ಮುಳ್ಳು ಎಪ್ಪತ್ತಾರರಿಂದ ಎಪ್ಪತ್ತಮೂರೂವರೆ ಕಿಲೋಗೆ ಬಂದಿತ್ತು. ಎರಡು ತಿಂಗಳಲ್ಲಿ ಏಳು ಕಿಲೋ ಎಂದು ಡಾಕ್ಟರು ಹೇಳಿದ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು.

"ಇಷ್ಟೇನಾ?" ಎಂದಳು ವಿನೋದಾ.

"ಇಳೀತಾ ಉಂಟಲ್ಲ ಅಕ್ಕ," ಎಂದ ಹನೀಫಾ ಆಚೆ ನೋಡುತ್ತಲೇ.

"ಸಾಕಾಗುದಿಲ್ಲ ಹನೀಫಾ ಕಾಕ."

ಅದೇ ವಾರ ತೋಡಾರಿನಿಂದ ಅವಳ ಅಣ್ಣ ರುಕ್ಮಯ್ಯ ಬಂದ. ಬಸಳೆಯ ಕಟ್ಟು ಜಗಲಿಯಲ್ಲಿಟ್ಟು, ಮಲಗಿದ್ದ ಭಾವನನ್ನು ಮಾತಾಡಿಸಿ, ಅಡಿಗೆಮನೆಗೆ ಬಂದು ಕುರ್ಚಿ ಎಳೆದು ಕೂತ.

"ವಿನೋದಾ, ನಿನ್ನದು ಆಗದಿದ್ರೆ ದೀಕ್ಷಿಯದ್ದು ಅಂತ ಆಸ್ಪತ್ರೆಯವರು ಹೇಳಿದ್ದಾರಂತೆ. ಹೌದಾ?"

"ಹಾಗೆ ಆಗ್ಲಿಕ್ಕೆ ನಾನು ಬಿಡುದಿಲ್ಲ ಅಣ್ಣ."

"ನೀನು ಬಿಡುದಿಲ್ಲ ಅಂದ್ರೆ ಸಾಕಾಗುದಿಲ್ಲ. ನಾನೂ ಬಿಡುದಿಲ್ಲ. ನಿನ್ನ ನಂತರ ನಮ್ಮ ಮನೆಯಲ್ಲಿ ಇರುದು ಅವಳೊಬ್ಬಳೇ ಹೆಣ್ಣು. ನಾಳೆ ನಮ್ಮ ಸಂತಾನ ಅಂತ ದೀಪ ಹಚ್ಚುವವಳು ಅವಳೇ."

ಈ ಕಡೆಯ ಲೆಕ್ಕವೇ ಹಾಗೆ. ಮಕ್ಕಳು ಅಪ್ಪನ ಮನೆಯವರಲ್ಲ, ತಾಯಿಯ ಮನೆಯವರು. ಅಳಿಯಕಟ್ಟಿನ ಕಾನೂನು ಹೋಗಿ ಎಷ್ಟೋ ಕಾಲವಾದರೂ ಮನಸ್ಸಿನಿಂದ ಅದು ಹೋಗಿಲ್ಲ. ರಮಾನಾಥ ಹೆತ್ತ ಅಪ್ಪನಾದರೂ ದೀಕ್ಷಿತಾಳ ಬಗ್ಗೆ ಕೊನೆಯ ಮಾತು ಸೋದರಮಾವನದ್ದು ಎಂದು ರುಕ್ಮಯ್ಯ ತಿಳಿದಿದ್ದ. ವಿಚಿತ್ರವೆಂದರೆ ಸೇಸಮ್ಮನೂ ಹಾಗೆಯೇ ತಿಳಿದಿದ್ದಳು.

"ದೀಕ್ಷಿ ನಿಮ್ಮ ಬಳಿಯ, ನಿಮ್ಮ ಕುಟುಂಬದ ಮಗು, ರುಕ್ಮಯ್ಯ," ಎಂದಳು ಅವಳು ಬಾಗಿಲಲ್ಲಿ ನಿಂತು. "ಅವಳನ್ನು ಕೊಡಿ ಅಂತ ಕೇಳ್ಲಿಕ್ಕೆ ನನಗೆ ಬಾಯಿ ಇಲ್ಲ. ಆದ್ರೆ ನನ್ನ ಮಗ ಹೋಗ್ತಾ ಇದ್ದಾನಲ್ಲ, ಅವನಿಗೆ ಯಾರು?"

"ವಿನೋದಾ ಇದ್ದಾಳಲ್ಲ, ಮಾಮಿ."

"ಇದ್ದಾಳೆ. ವಾರಕ್ಕೆ ಒಂದು ಕಿಲೋ ಇಳೀಲಿಕ್ಕೆ ಕಷ್ಟ ಪಡ್ತಾ ಇದ್ದಾಳೆ."

ವಿನೋದಾ ಬಸಳೆಯ ಕಟ್ಟು ಬಿಚ್ಚುತ್ತಿದ್ದಳು. ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ತನ್ನ ಶರೀರದ ಮೇಲೆ ಬಂತು. ಎಂತಹ ದರಿದ್ರ ಶರೀರ ಇದು, ಒಂದು ಕೆಲಸ ಹೇಳಿದರೆ ಮಾಡುವುದಿಲ್ಲ ಎಂದು ಬೈದುಕೊಂಡಳು.

ಸಂಜೆ ದೀಪ ಹಚ್ಚುವಾಗ ಅವಳು ದೈವದ ಮಣೆಯ ಮುಂದೆ ತುಸು ಹೆಚ್ಚು ಹೊತ್ತು ನಿಂತಳು. ಹೊರಗೆ ಬಂದು, ಎಲ್ಲರೂ ಇರುವಾಗಲೇ ಹೇಳಿದಳು.

"ಇವರ ಆಪರೇಶನ್ ಆಗುವವರೆಗೆ ಒಪ್ಪೊತ್ತು ಹಿಡಿದಿದ್ದೇನೆ. ಮಧ್ಯಾಹ್ನ ಒಂದೇ ಊಟ. ಮೀನು, ಮೊಟ್ಟೆ ಮುಟ್ಟುದಿಲ್ಲ."

"ಅಮ್ಮ, ಎಂತ ಹೇಳ್ತಿದ್ದೀ ನೀನು?" ದೀಕ್ಷಿತಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಅವರು ಮೀನು ಮೊಟ್ಟೆ ಬಿಡ್ಬೇಡಿ ಅಂತ ಹೇಳಿದ್ದು. ಒಂದು ಊಟದಲ್ಲಿ ಐನೂರು ಕ್ಯಾಲರಿಯೂ ಆಗುದಿಲ್ಲ."

"ದೈವಕ್ಕೆ ಹೇಳಿಕೊಂಡಾಯ್ತು."

"ಹೇಳಿಕೊಂಡಾದ ಮೇಲೆ ಮುಗೀತು," ಎಂದಳು ಸೇಸಮ್ಮ, ಕಣ್ಣೊರೆಸಿಕೊಳ್ಳುತ್ತ. "ಹರಕೆಯ ಉಪವಾಸದಿಂದ ಯಾರಿಗೂ ಕೇಡಾಗುದಿಲ್ಲ ಮಗಾ. ನಾವೆಲ್ಲ ಎಷ್ಟು ಮಾಡಿಲ್ಲ? ಇದನ್ನು ಹೊರಗೆ ಹೇಳ್ಲಿಕ್ಕೆ ಹೋಗ್ಬೇಡ. ಹೇಳಿದ್ರೆ ಫಲ ಇಲ್ಲ."

ಡಯಟ್ ಎಂದರೆ ಜಗಳಾಡಬಹುದು. ಹರಕೆ ಎಂದ ಮೇಲೆ ಈ ಮನೆಗಳಲ್ಲಿ ಯಾರೂ ಬಾಯಿ ತೆರೆಯುವ ಹಾಗಿಲ್ಲ. ವಿನೋದಾಳ ಭಕ್ತಿಯೇನೂ ಸುಳ್ಳಲ್ಲ. ಆದರೆ ಆ ಭಕ್ತಿಯ ಸೆರಗಿನಲ್ಲಿ ತನ್ನ ಹಸಿವನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟುಕೊಳ್ಳಬಹುದು ಎಂಬುದೂ ಅವಳಿಗೆ ಗೊತ್ತಿತ್ತು.

ದೀಕ್ಷಿತಾ ಆಸ್ಪತ್ರೆಗೆ ಫೋನು ಮಾಡಬೇಕಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡಳು, ಇಟ್ಟಳು. ಅಜ್ಜಿಯ ಮಾತಿಗೆ ಹೆದರಿದಳೆಂದು ತನಗೆ ತಾನೇ ಹೇಳಿಕೊಂಡಳು. ನಿಜವೆಂದರೆ ಅವಳಿಗೂ ಕತ್ತಿಯ ಹೆದರಿಕೆಯಿತ್ತು. ಅಮ್ಮ ಇಳಿದರೆ ತಾನು ಆ ಟೇಬಲಿನ ಮೇಲೆ ಮಲಗಬೇಕಾಗಿಲ್ಲ ಎಂಬ ಆಸೆ ಎದೆಯಲ್ಲಿ ಕೂತಿತ್ತು. ಬೇರೆ ಯಾರಿಗೂ ಅದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ.

ತೂಕ ಬಡಬಡನೆ ಇಳಿಯಿತು. ಒಪ್ಪೊತ್ತಿನ ಮೊದಲ ವಾರವೇ ಮೂರು ಕಿಲೋ ಹೋಯಿತು. ಸೇಸಮ್ಮ ದೈವಕ್ಕೆ ಕೈಮುಗಿದಳು. ರುಕ್ಮಯ್ಯ ಫೋನಿನಲ್ಲಿ, "ಭೇಷ್, ನಮ್ಮ ತಂಗಿ ಅಂದ್ರೆ ಹೀಗೆ" ಎಂದ. ಸುಪ್ರೀತಾ ಆಸ್ಪತ್ರೆಯಿಂದ ಫೋನು ಮಾಡಿ ಕೇಳಿದಾಗ, "ಎಲ್ಲ ನೀವು ಹೇಳಿದ ಹಾಗೇ ತಿಂತಿದ್ದೇನೆ" ಎಂದು ವಿನೋದಾ ನಗುತ್ತ ಹೇಳಿದಳು.

ಇಳಿಯುವ ರುಚಿ ಸಿಕ್ಕಿದ ಮೇಲೆ ಅವಳು ಮಧ್ಯಾಹ್ನದ ಅನ್ನವನ್ನೂ ಬಿಟ್ಟಳು. ಗಂಜಿ ಬಸಿದ ತಿಳಿಗೆ ಉಪ್ಪು ಹಾಕಿ ಒಂದು ಲೋಟ ಕುಡಿದು, ತಟ್ಟೆಗೆ ಎರಡು ಅಗುಳು ಹಾಕಿ ನೀರು ಬಿಟ್ಟು ತೊಳೆದಿಡುವಳು. ದೀಕ್ಷಿತಾ ಕೆಲಸದಿಂದ ಬಂದು ಕೇಳಿದರೆ ತೊಳೆದ ತಟ್ಟೆ ತೋರಿಸುವಳು. ನಲವತ್ತಾರರ ಹೆಂಗಸು ಮಗಳಿಗೆ ಮಕ್ಕಳ ಹಾಗೆ ಸುಳ್ಳು ಹೇಳುತ್ತಿದ್ದಳು.

ಮಾರ್ಚಿನ ಸೆಕೆಗೆ ಬಿ.ಸಿ.ರೋಡಿನ ಡಾಂಬರು ಕರಗುತ್ತಿದ್ದರೆ ವಿನೋದಾ ಸ್ವೆಟರು ಹಾಕಿಕೊಂಡು ಅಡಿಗೆ ಮಾಡುತ್ತಿದ್ದಳು. ಬಚ್ಚಲಿನ ತೂತಿನಲ್ಲಿ ಕೂದಲು ಉಂಡೆ ಕಟ್ಟುತ್ತಿತ್ತು. ಪಾಣೆಮಂಗಳೂರಿನ ಸೇತುವೆಯ ಮೇಲೆ ಒಂದು ಬೆಳಿಗ್ಗೆ ಕಣ್ಣು ಕತ್ತಲೆ ಬಂದು ಕಂಬಿ ಹಿಡಿದು ಕೂತವಳನ್ನು ಹಾಲಿನ ವ್ಯಾನಿನವರು ಮನೆಗೆ ಬಿಟ್ಟರು. "ಬಿಸಿಲು," ಎಂದಳು. ಏಳು ಗಂಟೆಗೆ ಎಂತಹ ಬಿಸಿಲು?

ರಮಾನಾಥನಿಗೆ ಒಂದೊಂದು ದಿನ ತಲೆ ನೆಟ್ಟಗಿರುತ್ತಿರಲಿಲ್ಲ. ಮಂಚದಲ್ಲಿ ಕೂತು, "ಎರಡನೇ ಟೇಬಲಿಗೆ ಎರಡು ಬನ್ಸ್" ಎಂದು ಯಾರಿಗೋ ಹೇಳುತ್ತಿದ್ದ. ಸರಿಯಿದ್ದ ಒಂದು ಮಧ್ಯಾಹ್ನ ಹೆಂಡತಿ ಮಾತ್ರೆ ಕೊಡಲು ಬಂದಾಗ ಅವಳ ಕೈ ಹಿಡಿದುಕೊಂಡ. ಬಳೆ ಮೊಣಕೈಯ ತನಕ ಜಾರಿತು.

"ನೀನು ಎಂತ ತಿಂತಿದ್ದೀ?"

"ಒಪ್ಪೊತ್ತು, ಗೊತ್ತುಂಟಲ್ಲ ನಿಮಗೆ."

"ಇಪ್ಪತ್ತೈದು ವರ್ಷ ಜನರಿಗೆ ಬಡಿಸಿದವನು ನಾನು. ಉಂಡವರ ಮುಖ ಯಾವುದು, ಉಣ್ಣದವರದ್ದು ಯಾವುದು ನನಗೆ ಹೇಳಿಕೊಡ್ಬೇಡ."

"ಸುಮ್ನಿರಿ. ಇನ್ನು ಹತ್ತು ದಿನ."

"ನೀನು ಹೀಗೆ ಮಾಡಿದ್ರೆ ನಾನು ಆ ಆಪರೇಶನ್ ಟೇಬಲಿಗೆ ಹತ್ತುದೇ ಇಲ್ಲ. ನಾನು ಸತ್ರೆ ಒಬ್ಬ ಸಾಯ್ತೇನೆ."

"ನೀವು ಹತ್ತದಿದ್ರೆ ನಿಮ್ಮ ಮಗಳನ್ನು ಹತ್ತಿಸ್ತಾರೆ," ಎಂದಳು ವಿನೋದಾ. "ಅಷ್ಟು ಮಾತ್ರ ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ. ಮಾತ್ರೆ ನುಂಗಿ."

ಅವನು ಹೇಳಿದ್ದು ಒಂದು, ಅವಳು ಉತ್ತರಿಸಿದ್ದು ಇನ್ನೊಂದು, ಇಬ್ಬರಿಗೂ ಅದು ತಿಳಿಯಲಿಲ್ಲ. ಅವನು ಮಾತ್ರೆ ನುಂಗಿದ.

ಅದೇ ವಾರ ಅವಳ ಬಲಪಕ್ಕೆಯ ಕೆಳಗೆ ನೋವು ಬರಲು ಶುರುವಾಯಿತು. ಬಂದರೆ ಉಸಿರು ಕಟ್ಟುತ್ತಿತ್ತು. ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದಳು. ಮುಂದಿನ ಸಲ ಹನೀಫಾನ ಅಂಗಡಿಯಲ್ಲಿ ಮುಳ್ಳು ಅರವತ್ತೊಂದಕ್ಕೆ ನಿಂತಿತು. ಹನೀಫಾ ಈ ಸಲ ಮುಖ ತಿರುಗಿಸಲಿಲ್ಲ, ಅವಳನ್ನೇ ನೋಡಿದ.

"ಅಕ್ಕ, ಸಾಕು ಇನ್ನು. ಮೆಷಿನ್ ಖುಷಿಯಲ್ಲುಂಟು, ನೀವು ಇಲ್ಲ."

"ಡಾಕ್ಟರು ಹೇಳಿದ್ದಕ್ಕಿಂತ ಎಂಟು ಕಿಲೋ ಹೆಚ್ಚೇ ಇಳಿಸಿದ್ದೇನೆ," ಎಂದು ವಿನೋದಾ ನಕ್ಕಳು. ಎರಡು ತಿಂಗಳಲ್ಲಿ ಅವಳು ಮನಸಾರೆ ನಕ್ಕದ್ದು ಅದೊಂದೇ ಸಲ. ಪಾಪ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಹುಡುಗಿಯ ಹಾಗೆ ಮನೆಗೆ ಹೋದಳು.

ಮಂಗಳೂರಿಗೆ ಮೂವರೂ ಹೋದರು. ರಕ್ತ ತೆಗೆದರು, ಸ್ಕ್ಯಾನು ಮಾಡಿದರು, ಮತ್ತೊಮ್ಮೆ ಮಾಡಿದರು. ಮಧ್ಯಾಹ್ನದ ಮೇಲೆ ಡಾಕ್ಟರು ಕರೆದಾಗ ಸುಪ್ರೀತಾಳೂ ಅಲ್ಲೇ ನಿಂತಿದ್ದಳು, ಅವಳ ಮುಖ ಕಂಡೇ ದೀಕ್ಷಿತಾಳಿಗೆ ಗೊತ್ತಾಯಿತು.

"ಅಮ್ಮ, ನೀವು ದಿನಕ್ಕೆ ಎಷ್ಟು ತಿಂತಿದ್ರಿ?" ಎಂದು ಡಾಕ್ಟರು ವಿನೋದಾಳನ್ನು ಕೇಳಿದರು.

"ಒಂದು ಲೋಟ ಗಂಜಿತಿಳಿ," ಎಂದಳು ದೀಕ್ಷಿತಾ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಉಣ್ಣದೆ ತೊಳೆದ ತಟ್ಟೆಗೂ ಉಂಡು ತೊಳೆದ ತಟ್ಟೆಗೂ ವ್ಯತ್ಯಾಸ ತಿಳಿಯದಷ್ಟು ದಡ್ಡಿಯಲ್ಲ ಅವಳು.

"ಪಿತ್ತಕೋಶದ ತುಂಬ ಕಲ್ಲಾಗಿದೆ," ಎಂದರು ಡಾಕ್ಟರು. "ಲಿವರಿನಲ್ಲಿ ಉರಿಯೂತ ಉಂಟು. ರಕ್ತದಲ್ಲಿ ಸತ್ವವೇ ಇಲ್ಲ. ಈ ಸ್ಥಿತಿಯಲ್ಲಿ ಒಂದು ಹಲ್ಲು ಕೀಳ್ಲಿಕ್ಕೂ ನಾನು ಒಪ್ಪುದಿಲ್ಲ, ಲಿವರ್ ತೆಗೆಯುವ ಮಾತೇ ಬೇಡ."

"ತೂಕ ಇಳಿದಿದೆಯಲ್ಲ ಡಾಕ್ಟ್ರೇ," ಎಂದಳು ವಿನೋದಾ. "ನೀವು ಹೇಳಿದ್ದಕ್ಕಿಂತ ಹೆಚ್ಚು ಇಳಿದಿದೆ. ಇನ್ನೊಮ್ಮೆ ನೋಡಿ."

"ಹೇಳಿದ್ದೆನಲ್ಲ ಅಮ್ಮ," ಎಂದಳು ಸುಪ್ರೀತಾ. ಅವಳಿಗೆ ಬೈಯಲಿಕ್ಕೂ ಆಗಲಿಲ್ಲ. "ಸಾವಿರದ ಇನ್ನೂರಕ್ಕಿಂತ ಕೆಳಗೆ ಬೇಡ ಅಂತ ಹೇಳಿದ್ದೆ. ಹಾಗೇ ಹೋಗಿದ್ರೆ ಇವತ್ತಿಗೆ ಸರಿಯಾಗಿ ಆಗ್ತಿತ್ತು."

"ಈಗ ತಿಂತೇನೆ. ನಾಳೆಯಿಂದ ತಿಂತೇನೆ. ಎಷ್ಟು ದಿನ ಬೇಕು?"

"ಮೂರು ತಿಂಗಳು."

"ಇವರಿಗೆ ಮೂರು ತಿಂಗಳು ಉಂಟಾ?"

ಡಾಕ್ಟರು ಅಡ್ಡಕ್ಕೆ ತಲೆಯಾಡಿಸಿದರು. ರಮಾನಾಥ ಗಾಲಿಕುರ್ಚಿಯಲ್ಲಿ ನಿದ್ದೆ ಹೋಗಿದ್ದ.

ಮನೆಯಲ್ಲಿ ಆ ಸಂಜೆ ನಡೆದ ಜಗಳ ಆಚೆಮನೆಯವರಿಗೂ ಕೇಳಿಸಿತು.

"ನನ್ನನ್ನು ಉಳಿಸ್ಲಿಕ್ಕೆ ಅಂತ ಹೇಳ್ಬೇಡ ಅಮ್ಮ," ಎಂದಳು ದೀಕ್ಷಿತಾ. "ನಿನಗೆ ಹೇಳಿದ್ದು ಇಷ್ಟೇ, ಸರಿಯಾಗಿ ಉಣ್ಣು ಅಂತ. ಅದೊಂದು ಮಾಡ್ಲಿಕ್ಕೆ ಆಗ್ಲಿಲ್ಲ ನಿನಗೆ."

"ನಿನಗೆ ಗೊತ್ತಿತ್ತಲ್ಲ," ಎಂದಳು ವಿನೋದಾ ಮೆಲ್ಲಗೆ.

"ಹೌದು, ಗೊತ್ತಿತ್ತು. ಹೆದರಿಕೆ ಆಗಿ ಸುಮ್ನಿದ್ದೆ. ಸಾಕಾ?" ದೀಕ್ಷಿತಾ ಗೋಡೆಗೊರಗಿ ಅತ್ತಳು. ವಿನೋದಾ ಹತ್ತಿರ ಬಂದರೆ ಕೈ ತಳ್ಳಿದಳು, ಆಮೇಲೆ ಅದೇ ಕೈ ಹಿಡಿದುಕೊಂಡಳು.

ಸೇಸಮ್ಮ ಅಡಿಗೆಮನೆಗೆ ಹೋದಳು. ಅನ್ನ ಬಡಿಸಿ, ಅದರ ಪಕ್ಕ ಬಂಗುಡೆಯ ಪುಳಿಮುಂಚಿ ಸಾರು ಹಾಕಿ ತಂದು ಸೊಸೆಯ ಮುಂದಿಟ್ಟಳು.

"ಉಣ್ಣು."

"ಒಪ್ಪೊತ್ತು, ಮಾಮಿ."

"ದೈವಕ್ಕೆ ತಪ್ಪುಕಾಣಿಕೆ ನಾನು ಹಾಕ್ತೇನೆ. ನಿನ್ನ ತಟ್ಟೆಗೆ ಕಣ್ಣು ಹಾಕಿದವಳು ನಾನು. ಉಣ್ಣು ಮಗಾ."

ವಿನೋದಾ ಒಂದು ತುತ್ತು ಬಾಯಿಗಿಟ್ಟಳು. ನುಂಗಲು ಬಹಳ ಹೊತ್ತಾಯಿತು. ಎರಡನೆಯ ತುತ್ತಿಗೆ ನೋವು ಬಂದು ಬಾಗಿದಳು.

ಮರುದಿನ ತೋಡಾರಿನಿಂದ ಓಡಿ ಬಂದ ರುಕ್ಮಯ್ಯ ಜಗಲಿಯಲ್ಲೇ ಶುರುಮಾಡಿದ. "ಆಗುದಿಲ್ಲ. ನಾನು ಸೋದರಮಾವ ಹೇಳ್ತಾ ಇದ್ದೇನೆ. ಬೆಳ್ತಂಗಡಿಯ ಹುಡುಗನ ಮನೆಯವರು ಹುಡುಗಿ ಕೇಳ್ಲಿಕ್ಕೆ ಬಂದ್ರೆ ಎಂತ ಹೇಳುದು? ಹೊಟ್ಟೆ ಕೊಯ್ದಾಗಿದೆ, ಅರ್ಧ ಲಿವರ್ ಉಂಟು ಅಂತಲಾ?"

"ಲಿವರ್ ಮತ್ತೆ ಬೆಳೀತದೆ ಮಾವ," ಎಂದಳು ದೀಕ್ಷಿತಾ. "ಪಪ್ಪ ಬೆಳೆಯುದಿಲ್ಲ."

"ನಿನಗೆ ಗೊತ್ತಾಗುದಿಲ್ಲ. ನಿನಗೆ ಏನಾದ್ರೂ ಆದ್ರೆ ನಮ್ಮ ಮನೆಯೇ ಮುಗೀತದೆ."

"ಯಾರ ಮನೆಯ ಹುಡುಗಿ ಅಂತ ನೀವೆಲ್ಲ ಲೆಕ್ಕ ಹಾಕುದು ಸಾಕು. ನನಗೆ ಹೆದರಿಕೆ ಉಂಟು. ತುಂಬ ಉಂಟು. ಆದ್ರೂ ಹೋಗ್ತೇನೆ."

ರುಕ್ಮಯ್ಯ ತಂಗಿಯ ಕಡೆ ನೋಡಿದ, ಅವಳಾದರೂ ತಡೆಯಲಿ ಎಂದು. ವಿನೋದಾ ಒಳಗಿನ ಕೋಣೆಯ ಕಡೆ ನೋಡಿದಳು. ಅಲ್ಲಿ ರಮಾನಾಥ ಯಾರಿಗೋ ಚಿಲ್ಲರೆ ವಾಪಸು ಕೊಡುತ್ತಿದ್ದ. ಅವಳಿಗೆ ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ರುಕ್ಮಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತ.

ಮುಂದಿನ ವಾರ ಆಸ್ಪತ್ರೆಯ ಸಮಿತಿಯವರು ಎಲ್ಲರನ್ನೂ ಒಂದು ಕೋಣೆಗೆ ಕರೆದರು. ದಾನಿಗೆ ಯಾರದಾದರೂ ಒತ್ತಾಯ ಇದೆಯೇ ಎಂದು ಕೇಳಿ ವಿಡಿಯೋ ಮಾಡಿಕೊಳ್ಳುವುದು ಅಲ್ಲಿಯ ಕ್ರಮ. ದೀಕ್ಷಿತಾಳನ್ನು ಮೊದಲು ಕೇಳಿದರು. ಅವಳು ಇಂಟರ್‌ವ್ಯೂನಲ್ಲಿ ಹೇಳುವ ಹಾಗೆ ಪಟಪಟನೆ ಹೇಳಿದಳು. ತನ್ನ ಇಚ್ಛೆ, ಅಪಾಯ ಎಲ್ಲ ತಿಳಿದಿದೆ, ಯಾರೂ ಒತ್ತಾಯಿಸಿಲ್ಲ. ಮೇಜಿನಡಿ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದುದು ವಿನೋದಾಳಿಗೆ ಮಾತ್ರ ಕಾಣುತ್ತಿತ್ತು.

ಆಮೇಲೆ ಅಧಿಕಾರಿ ವಿನೋದಾಳ ಕಡೆ ತಿರುಗಿದರು.

"ನಿಮ್ಮ ಮಗಳು ಲಿವರಿನ ಭಾಗ ಕೊಡುವುದಕ್ಕೆ ತಾಯಿಯಾಗಿ ನಿಮಗೆ ಪೂರ್ಣ ಒಪ್ಪಿಗೆ ಇದೆಯೇ?"

ವಿನೋದಾಳ ತುಟಿ ಅಲುಗಿತು.

"ಕೇಳಿಸಲಿಲ್ಲ ಅಮ್ಮ," ಎಂದ ಕ್ಯಾಮೆರಾದವನು. "ಸ್ವಲ್ಪ ಗಟ್ಟಿಯಾಗಿ ಹೇಳಿ. ರೆಕಾರ್ಡ್ ಆಗ್ಬೇಕು."

ಅವಳು ಮೇಜು ಹಿಡಿದು ಎದ್ದು ನಿಂತಳು. ಮಗಳ ಮುಖ ನೋಡಿದರೆ ಹೇಳಲಿಕ್ಕಾಗುವುದಿಲ್ಲ ಎಂದು ಕ್ಯಾಮೆರಾವನ್ನೇ ನೋಡಿದಳು.

"ಒಪ್ಪಿಗೆ ಉಂಟು," ಎಂದಳು. "ನನ್ನ ಮಗಳನ್ನು ಕೊಡ್ಲಿಕ್ಕೆ ನನಗೆ ಒಪ್ಪಿಗೆ ಉಂಟು."

"ಮಗಳನ್ನು ಅಲ್ಲಮ್ಮ, ಲಿವರಿನ ಭಾಗ," ಎಂದು ಅಧಿಕಾರಿ ತಿದ್ದಿದರು. "ಇನ್ನೊಮ್ಮೆ ಹೇಳಿ."

ವಿನೋದಾ ಇನ್ನೊಮ್ಮೆ ಹೇಳಿದಳು.